ಹನ್ನೊಂದು ಹಲ್ಲಿನ ಗೇರು

ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ ತಮ್ಮನಿಗೆ ಕರವಸ್ತ್ರದ ಜೊತೆ ಹನ್ನೊಂದು ಹಲ್ಲಿನ ಪುಟ್ಟ ಗೇರೂ ಸಿಕ್ಕಿತು. ಬ್ಯಾಟರಿ ದೊಡ್ಡದಾದರೆ ಮೋಟಾರಿನ ಗೇರು ಚಿಕ್ಕದಾಗಬೇಕು, ಇಲ್ಲದಿದ್ದರೆ ಹೆಲಿಕಾಪ್ಟರಿನ ರೆಕ್ಕೆಗಳು ಆ ವೇಗ ತಾಳುವುದಿಲ್ಲ ಎಂದು ಬೆಳಗ್ಗೆ ಲೆಕ್ಕ ಹಾಕಿದವನೇ ಅವನು. ಬ್ಯಾಟರಿ ಬದಲಾಯಿಸಿದ್ದ, ಗೇರು ಮರೆತಿದ್ದ.

ತಾರಸಿಗೆ ಬಿಗಿದು ಕಟ್ಟಿದ್ದ ಪುಟ್ಟ ಹೆಲಿಕಾಪ್ಟರು ಕಿರುಚುತ್ತಿತ್ತು. ಎರಡೂ ರೆಕ್ಕೆಗಳು ಒಂದೇ ಮಟ್ಟದಲ್ಲಿ ತಿರುಗುತ್ತಿವೆಯೇ ಎಂದು ನೋಡಲು ಅಕ್ಕ ನಾಲ್ಕು ಹೆಜ್ಜೆ ಆಚೆ ಮಂಡಿಯೂರಿ, ಕಣ್ಣನ್ನು ರೆಕ್ಕೆಯ ಎತ್ತರಕ್ಕೇ ತಂದಿದ್ದಳು. ಬಟ್ಟೆ ಹೊಲಿಯುವವಳ ಕಣ್ಣು. ಕೂದಲೆಳೆಯಷ್ಟು ವ್ಯತ್ಯಾಸವೂ ಅದಕ್ಕೆ ತಪ್ಪುತ್ತಿರಲಿಲ್ಲ. ಕೂಗಿದರೆ ಬೆಚ್ಚಿ ಮುಂದಕ್ಕೆ ಬಾಗಿಬಿಟ್ಟರೆ? ಅವನು ರಿಮೋಟಿನ ಕಡ್ಡಿಯನ್ನು ಪೂರ್ತಿ ಕೆಳಕ್ಕೆಳೆದ. ಮೋಟಾರು ಸುಮ್ಮನಾಯಿತು. ರೆಕ್ಕೆಗಳು ಮಾತ್ರ ಅವಳ ಮುಖದ ನೇರಕ್ಕೆ ತಿರುಗುತ್ತಲೇ ಇದ್ದವು.

“ಯಾಕೋ ನಿಲ್ಲಿಸ್ದೆ? ಗೆರೆ ಎಳೆದ ಹಾಗೆ ಸರಿಯಾಗಿತ್ತಲ್ಲೋ!”

“ಅಲ್ಲಾಡಬೇಡ ಕಣೇ ಅಕ್ಕಾ, ನಿಂಗೆ ಕೈ ಮುಗೀತೀನಿ.”

“ಊರಿನ ಫ್ಯಾನೆಲ್ಲ ರಿಪೇರಿ ಮಾಡೋನು ಆಟದ ಸಾಮಾನಿಗೆ ಹೆದರ್ತೀಯಲ್ಲೋ, ಪುಕ್ಕಲ!” ಎಂದು ಅಕ್ಕ ನಕ್ಕಳು.

ಕೊನೆಗೂ ರೆಕ್ಕೆಗಳು ನಿಂತವು. ಅವಳ ಕಡೆಗೆ ಚಾಚಿದ್ದ ರೆಕ್ಕೆಯನ್ನು ಅವನು ಎರಡೇ ಬೆರಳಲ್ಲಿ ಮೆಲ್ಲಗೆ ಹಿಡಿದ. ಅದು ಬುಡದಲ್ಲಿ ಆಗಲೇ ಸೀಳಿಹೋಗಿತ್ತು; ಎಳೆಯುವ ಮೊದಲೇ ಕೈಗೆ ಬಂತು.