ಮೇಜಿನ ಎತ್ತರ

"ನೆಲದ ಮೇಲಿರೋ ಮಗು ಎಲ್ಲಿಗೂ ಬೀಳಲ್ಲ. ಮೇಜಿನ ಮೇಲಿರೋದು ಬೀಳುತ್ತೆ. ನಿನ್ನನ್ನೇನು ನಾನು ಮೇಜಿನ ಮೇಲೆ ಮಲಗಿಸಿ ಬೆಳೆಸಿದ್ನಾ?" ಎಂದರು ಬಡಗಿಯ ತಾಯಿ.

ಬಡಗಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ, ಹೊತ್ತು ತಂದ ಮೇಜನ್ನು ಕೋಣೆಯ ಕಿಟಕಿಯ ಪಕ್ಕ ಇಳಿಸಿದ. ಮಗುವಿನ ಬಟ್ಟೆ ಬದಲಿಸಲಿಕ್ಕೆಂದೇ ಮಾಡಿದ ಮೇಜು. ಮೇಲೆ ಸುತ್ತಲೂ ಅಡ್ಡಪಟ್ಟಿ, ಕೆಳಗೆ ಬಟ್ಟೆ ಜೋಡಿಸಿಡಲು ಒಂದು ಖಾನೆ. ದುಡ್ಡಿದ್ದವರ ಮನೆಗಳಿಗೆ ಇಂಥವನ್ನು ಮಾಡಿಕೊಟ್ಟು ಅವನ ಕೈ ಪಳಗಿತ್ತು. ತನ್ನ ಮನೆಯದಕ್ಕೆ ಮಾತ್ರ ಮರಳುಕಾಗದ ತಿಕ್ಕಿ, ಅಂಚನ್ನು ಕೆನ್ನೆಗೆ ಒತ್ತಿ ನೋಡಿ, ಮತ್ತೆ ತಿಕ್ಕಿದ್ದ. ಸುಳ್ಳು ಯಾಕೆ, ಮೇಜು ಚೆನ್ನಾಗಿಯೇ ಆಗಿತ್ತು.

ಹೆಂಡತಿ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕುಳಿತು ನೋಡುತ್ತಿದ್ದಳು. ನಾಳೆ ಬೆಳಿಗ್ಗೆ ಅವಳು ಆಸ್ಪತ್ರೆಗೆ ಸೇರಬೇಕು. ನಾಡಿದ್ದು ಹೊಟ್ಟೆ ಕೊಯ್ದು ಮಗುವನ್ನು ತೆಗೆಯುತ್ತಾರೆ. ಅವಳ ಹೃದಯ ಮೊದಲೇ ಸೋತದ್ದು. ಮಗುವಿನ ಬಗ್ಗೆ ಭರವಸೆ ಕೊಡಬಲ್ಲೆ, ತಾಯಿ ಉಳಿಯುವ ಬಗ್ಗೆ ಕೊಡಲಾರೆ ಎಂದು ಡಾಕ್ಟರು ಮೂವರನ್ನೂ ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು. ಅಂದಿನಿಂದ ಆ ಮಾತೊಂದನ್ನು ಬಿಟ್ಟು ಮನೆಯಲ್ಲಿ ಮಿಕ್ಕೆಲ್ಲ ಮಾತೂ ನಡೆಯುತ್ತಿತ್ತು. ಮೇಜು ಬೇಕೇ ಬೇಡವೇ ಎಂಬ ಜಗಳವಂತೂ ಊಟಕ್ಕೆ ಕೂತಾಗಲೆಲ್ಲ ಇತ್ತು.

"ಅಮ್ಮ, ಹೊಟ್ಟೆ ಮೇಲೆ ಹೊಲಿಗೆ ಇಟ್ಕೊಂಡು ಇವಳು ನೆಲದ ಮೇಲೆ ಕೂತು ಏಳೋಕಾಗುತ್ತಾ? ನಿಂತ್ಕೊಂಡೇ ಮಾಡ್ಲಿ ಅಂತ," ಎಂದ ಬಡಗಿ. ತಾಯಿ ಸೆರಗಿನಿಂದ ಮೇಜಿನ ಮೇಲೆ ಇಲ್ಲದ ಧೂಳು ಒರೆಸತೊಡಗಿದರು.

"ಎತ್ತರ ಯಾರದು?" ಹೆಂಡತಿ ಕೇಳಿದಳು.

"ಇನ್ಯಾರದು, ನಿಂದೇ. ನಿನ್ನ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ."

ಅವನು ಮನೆಗೆ ಏನು ಮಾಡಿದರೂ ಅಳತೆ ಅವಳದೇ. ಅಡುಗೆಮನೆಯ ಕಪಾಟು, ಇಸ್ತ್ರಿ ಮೇಜು, ಕನ್ನಡಿ ನೇತುಹಾಕುವ ಮೊಳೆ, ಎಲ್ಲವೂ ಅವಳಿಗೆ ಸರಿಯಾಗಿ. ಸೊಸೆ ಉದ್ದ, ಅತ್ತೆ ಗಿಡ್ಡ. "ಈ ಮನೇಲಿ ಉಪ್ಪಿನ ಡಬ್ಬಿ ತೆಗೀಬೇಕಾದ್ರೂ ನಾನು ಏಣಿ ಹಾಕ್ಬೇಕು" ಎಂದು ಅತ್ತೆ ಗೊಣಗುವುದು, "ನಿಮ್ಮ ಮಗನ ಕಣ್ಣಿಗೆ ನಾನೊಬ್ಬಳೇ ಕಾಣೋದು, ಏನ್ಮಾಡ್ಲಿ ಅತ್ತೆ" ಎಂದು ಸೊಸೆ ಕಾಲೆಳೆಯುವುದು ಮದುವೆಯಾದಾಗಿನಿಂದಲೂ ನಡೆದಿತ್ತು. ಇವತ್ತು ಅವಳು ಕಾಲೆಳೆಯಲಿಲ್ಲ.

"ಅತ್ತೆ, ಒಂದ್ಸಲ ಅದರ ಮುಂದೆ ನಿಂತ್ಕೊಳ್ಳಿ. ಈ ದಿಂಬನ್ನ ಮಗು ಅಂದ್ಕೊಂಡು ಮಲಗಿಸಿ."

"ನನಗ್ಯಾಕೆ ಅದೆಲ್ಲ?"

"ಮಲಗಿಸಿ ಅಂದ್ರೆ."

ಅತ್ತೆ ನಿಂತರು. ಮೇಜಿನ ಅಂಚು ಅವರ ಎದೆಗೆ ಬಂತು. ಭುಜ ಕಿವಿಯವರೆಗೆ ಎತ್ತಿ, ತುದಿಗಾಲಲ್ಲಿ ನಿಂತು, ಅಡ್ಡಪಟ್ಟಿ ದಾಟಿಸಲು ಹೋದಾಗ ದಿಂಬು ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಯಾರೂ ಎತ್ತಲಿಲ್ಲ.

"ಇದರ ಕಾಲು ಕೊಯ್ರಿ," ಎಂದಳು ಹೆಂಡತಿ.

"ಬಾಯ್ಮುಚ್ಚು," ಎಂದ ಬಡಗಿ.

"ನಾನು ಬಾಯ್ಮುಚ್ಚಿದ್ರೆ ಮೇಜು ಗಿಡ್ಡ ಆಗುತ್ತಾ?"

"ನೀನು ವಾಪಸ್ ಬರ್ತೀಯ. ಬಂದು ನೀನೇ ಎಲ್ಲ ಮಾಡ್ತೀಯ. ಇನ್ನೊಂದು ಮಾತಾಡಿದ್ರೆ ಇದನ್ನ ಒಡೆದು ಒಲೆಗೆ ಹಾಕ್ತೀನಿ, ನೋಡು!"

"ಬಂದ್ರೆ ಬಗ್ಗಿ ಮಾಡ್ತೀನಿ ಬಿಡ್ರಿ, ಅದೇನು ಮಹಾ. ನಾನು ಬಗ್ಗಬಹುದು. ಅತ್ತೆ ಈ ವಯಸ್ಸಲ್ಲಿ ಉದ್ದ ಆಗ್ತಾರಾ?"

"ಬೇಡ ಕಣೋ, ಕೊಯ್ಬೇಡ," ಎಂದರು ಅತ್ತೆ. ಇಷ್ಟು ದಿನ ಮೇಜೇ ಬೇಡ ಎಂದವರು ಈಗ ಅದನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದರು. "ಇವಳ ಎತ್ತರಕ್ಕೇ ಇರ್ಲಿ. ನಾನು ಮಣೆ ಹಾಕ್ಕೊಂಡು ನಿಲ್ತೀನಿ."

"ಮಂಡಿ ನೋವು ಇಟ್ಕೊಂಡು ಮಗು ಎತ್ತಿ ಮಣೆಯಿಂದ ಇಳೀತೀರಾ? ಇಬ್ಬರೂ ಬೀಳ್ತೀರ ಅಷ್ಟೆ."

"ಆಯ್ತು ಮಾರಾಯ್ತಿ, ಆಮೇಲೆ ನೋಡೋಣ. ಬೇಕಾದ್ರೆ ಆಮೇಲೆ ಕೊಯ್ತೀನಿ," ಎಂದ ಬಡಗಿ.

"ಆಮೇಲೆ ನೀವು ಕೊಯ್ಯಲ್ಲ. ನಿಮ್ಮನ್ನ ನಾನು ಕಾಣೆನಾ? ಇದು ಅವಳ ಅಳತೆ, ಇದನ್ನ ಯಾರೂ ಮುಟ್ಬೇಡಿ ಅಂತ ಮೇಜಿಗೆ ಒರಗಿ ಕೂರ್ತೀರ. ಮಗು ಅಲ್ಲಿ ಒದ್ದೆ ಬಟ್ಟೇಲಿ ಅಳ್ತಾ ಬಿದ್ದಿರುತ್ತೆ."

ತಾನು ಹಾಗೆಯೇ ಮಾಡುವವನೆಂದು ಬಡಗಿಗೂ ಗೊತ್ತಿತ್ತು. ಡಾಕ್ಟರು ಹೇಳಿದಾಗ ನಂಬದೇ ಇದ್ದದ್ದನ್ನು ಈಗ ನಂಬಿದ. ತಾಯಿಯ ಮೊಣಕೈ ಹಿಡಿದು ನೆಲದಿಂದ ಅಲ್ಲಿಯವರೆಗೆ ಟೇಪಿನಲ್ಲಿ ಅಳೆದ. ಇಷ್ಟು ವರ್ಷದಲ್ಲಿ ಅವರ ಅಳತೆ ತೆಗೆದದ್ದು ಅದೇ ಮೊದಲು. ತಾಯಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ಮಡಿಸಿದ ತೋಳನ್ನು ಹಾಗೇ ಬಿಟ್ಟುಕೊಂಡು ನಿಂತರು.

ಅವನು ಮೇಜನ್ನು ಅಡ್ಡ ಮಲಗಿಸಿ, ಕಾಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಗರಗಸ ಇಟ್ಟ. ದಿನವಿಡೀ ಮರ ಕೊಯ್ಯುವ ಕೈ ಗೆರೆಯ ಮೇಲೆ ನಿಲ್ಲಲಿಲ್ಲ. ಒಮ್ಮೆ ಗೆರೆಯಾಚೆ ಜಿಗಿಯಿತು, ಇನ್ನೊಮ್ಮೆ ಈಚೆ. ಮರ ಗಡಗಡ ಅಲ್ಲಾಡಿತು.

ಹೆಂಡತಿ ಮಂಚ ಹಿಡಿದುಕೊಂಡು ಮೆಲ್ಲನೆ ಇಳಿದಳು. ಏದುಸಿರು ಬಿಡುತ್ತ ಅವನೆದುರು ನೆಲದ ಮೇಲೆ ಕುಳಿತು, ಮೇಜಿನ ಕಾಲನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಹ್ಞೂಂ, ಈಗ ಕೊಯ್ರಿ. ಅಲ್ಲಾಡಲ್ಲ."