ಶಿವಗಂಗವ್ವನ ಪಾಸ್‌ವರ್ಡ್

“ಪಾಸ್‌ವರ್ಡ್ ಹೇಳ್ರಿ ಸಾವಕಾರ್ರ. ಇನ್ನ ಅರ್ಧಾ ತಾಸಿನ್ಯಾಗ ವೈರಸ್ ಬೇಡಕಿಹಾಳಕ್ಕ ಬರ್ತೈತಿ.”

ಟೈ ಕಟ್ಟಿದ ಮನುಷ್ಯ ಕಂಪ್ಯೂಟರ್ ಮುಂದೆ ಕೂತು ಗಡಿಯಾರ ನೋಡಿಕೊಂಡ. ವೈರಸ್ಸು ನಿಪ್ಪಾಣಿ ಬಸ್ಸಿಗೆ ಟಿಕೀಟು ತೆಗೆಸಿದೆ ಎನ್ನುವ ಧಾಟಿ ಅವನದು. ವಿರುಪಾಕ್ಷಪ್ಪ ನಂಬಿದ. ೨೦೧೭ರ ಮೇ ತಿಂಗಳು ಅದು. ಕಂಪ್ಯೂಟರಿಗೆ ಬೀಗ ಜಡಿದು, ತೆಗೆಯಬೇಕಾದರೆ ದುಡ್ಡು ಎಣಿಸಿ ಎನ್ನುವ ವೈರಸ್ಸಿನ ಸುದ್ದಿಯನ್ನು ಟಿವಿಯವರು ಮೂರು ದಿನದಿಂದ ಅರೆಯುತ್ತಿದ್ದರು. ಈತ ಕಂಪನಿಯವನಂತೆ. ಪೆನ್‌ಡ್ರೈವಿನಲ್ಲಿ ಅದಕ್ಕೆ ಔಷಧ ತಂದಿದ್ದಾನಂತೆ. ಪುಕ್ಕಟೆ ಬೇರೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಮಾತು ವಿರುಪಾಕ್ಷಪ್ಪನಂಥವರನ್ನು ನೋಡಿಯೇ ಹುಟ್ಟಿದ್ದು.

ಕಂಪ್ಯೂಟರಿನಲ್ಲಿ ಇದ್ದದ್ದು ಮಗಳು ಸ್ನೇಹಲಳ ಎರಡು ವರ್ಷ. ಕೃಷಿ ಎಂ.ಎಸ್ಸಿ. ಹುಡುಗಿ, ದ್ರಾಕ್ಷಿಯ ಬೂದಿರೋಗದ ಹಿಂದೆ ಬಿದ್ದು ಬಳ್ಳಿ ಬಳ್ಳಿ ತಿರುಗಿ ಪ್ರಬಂಧ ಬರೆದಿದ್ದಳು. ಸೋಮವಾರ ಒಪ್ಪಿಸಬೇಕು. ಇನ್ನೊಂದು ಪ್ರತಿ ಇದ್ದ ಪೆನ್‌ಡ್ರೈವು ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆಸಿಕೊಂಡಿತ್ತು. ಇದೂ ಹೋದರೆ ಮತ್ತೆ ಮೊದಲಿನಿಂದ ಬಳ್ಳಿ ಎಣಿಸಬೇಕು.

ಮೊದಲು ಪಾಸ್‌ವರ್ಡು ಒಂದು ಎರಡು ಮೂರು ನಾಲ್ಕು ಐದು ಎಂದಿತ್ತು. ಅದನ್ನು ವಿರುಪಾಕ್ಷಪ್ಪ ಓಣಿಗೆಲ್ಲ ಹಂಚಿದ್ದ. ಓಣಿಯವರು ಬಂದು ಹಾಡು ಇಳಿಸಿಕೊಂಡರು, ಜೊತೆಗೆ ಬೇಡದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಹೋದರು. ಗುಂಡಿ ಒತ್ತಿದರೆ ಸಾಕು, ಪರದೆ ತುಂಬ ಲಾಟರಿ. ಸ್ನೇಹಲ ಎಂಟು ದಿನ ಕೂತು ಕಸ ಬಳಿದು, ಕೊನೆಗೆ ತಾಯಿ ಶಿವಗಂಗವ್ವನನ್ನು ಕರೆದಿದ್ದಳು.

“ಅವ್ವ, ಹೊಸಾ ಪಾಸ್‌ವರ್ಡ್ ನೀನ ಇಡು. ಯಾರಿಗೂ ಹೇಳಬ್ಯಾಡ. ಅಪ್ಪಗಂತೂ ಹೇಳಬ್ಯಾಡ. ನನಗೂ ಬ್ಯಾಡ, ಅಪ್ಪ ಗೋಗರೆದ್ರ ನಾ ಕರಗತೀನಿ.”

ಏಳನೇ ಇಯತ್ತೆ ಕಲಿತ ಶಿವಗಂಗವ್ವ ಎಲ್ಲರನ್ನೂ ಹೊರಗೆ ಹಾಕಿ, ಬಾಗಿಲು ಮುಚ್ಚಿ, ಒಂದೇ ಬೆರಳಲ್ಲಿ ಕುಟ್ಟಿ ಬಂದಿದ್ದಳು.

ಇವತ್ತು ಅವಳು ನೆರೆಮನೆಯ ಸುಂದರಾಳ ಜೊತೆ ಯಡೂರಿನ ವೀರಭದ್ರನ ಗುಡಿಗೆ ಹೋಗಿದ್ದಳು. ಸ್ನೇಹಲ ಬೈಂಡಿಂಗ್ ವಿಚಾರಿಸಲು ಚಿಕ್ಕೋಡಿಗೆ. ವಿರುಪಾಕ್ಷಪ್ಪ ಹೆಂಡತಿಗೆ ಫೋನು ಹಚ್ಚಿದ.

“ಏ, ಕಂಪ್ಯೂಟರಿನ ಪಾಸ್‌ವರ್ಡ್ ಏನೈತಿ? ಲಗೂನ ಹೇಳು. ಕಂಪನಿಯವರು ಬಂದಾರ.”

ಆ ಕಡೆ ಗುಡಿಯ ಗಂಟೆಯ ಸದ್ದಿನ ನಡುವೆ ಶಿವಗಂಗವ್ವ ದನಿ ತಗ್ಗಿಸಿದಳು.

“ಅದನ್ನ ಹೆಂಗ ಹೇಳ್ಲಿರಿ?”

“ಬಾಯಿಲೆ ಹೇಳು!”

“ನನ್ನ ಕೈಲೆ ಆಗೂದಿಲ್ಲರಿ. ಸಂಜಿಕ ಬಂದು ನಾನ ಬಡೀತೀನಿ. ಅಲ್ಲೀಮಟಾ ಅವರಿಗೆ ಚಾ ಕುಡಸ್ರಿ.”

ಹಿಂದೆ ಸುಂದರಾ ಕಿಸಕ್ಕನೆ ನಕ್ಕಳು. ವಿರುಪಾಕ್ಷಪ್ಪನ ಮೋರೆ ಕೆಂಪಾಯಿತು. ಟೈಯವನು ಫೋನು ಕಸಿದುಕೊಂಡ.

“ಅಕ್ಕಾರ, ನಿಮ್ಮ ಮಗಳ ಎರಡ ವರ್ಷದ ದುಡಿಮಿ ಮಣ್ಣಪಾಲ ಆಗ್ತೈತಿ.”

“ನನಗೂ ಜೀವ ಚುರ್ ಅಂತೈತೋ ತಮ್ಮಾ. ಹೇಳೂ ಹಂಗಿದ್ರ ಹೇಳ್ತಿದ್ದೆ. ಬ್ಯಾರೆ ಏನರ ಕೇಳು.”

“ಸುಳಿವರ ಕೊಡ್ರಿ!”

“ಮನ್ಯಾಗ ಐತಿ. ಹುಡಿಕ್ಯಾಡ್ರಿ,” ಎಂದವಳೇ ಫೋನು ಇಟ್ಟಳು.

ಇಬ್ಬರೂ ಹುಡುಕಿದರು. ಕ್ಯಾಲೆಂಡರ್ ನೋಡಿ ವೀರಭದ್ರನ ಹೆಸರು ಹಾಕಿದರು. ಆಗಲಿಲ್ಲ. ಮಗಳ ಹೆಸರು, ಎಮ್ಮೆಯ ಹೆಸರು, ಹೆಂಡತಿಯ ತವರೂರು ಅಥಣಿ. ಊಹೂಂ. ತನ್ನ ಸತ್ತ ತಾಯಿ ಅಕ್ಕುತಾಯಿಯ ಹೆಸರು ಹಾಕುವಾಗ ವಿರುಪಾಕ್ಷಪ್ಪನಿಗೇ ನಗು ಬಂತು. ಅತ್ತೆ ಸೊಸೆ ಬದುಕಿದ್ದಾಗಲೇ ಒಂದೇ ಕೋಣೆಯಲ್ಲಿ ಕೂತವರಲ್ಲ. ಪ್ರತಿ ಸಲ ಪರದೆ ತಪ್ಪು ತಪ್ಪು ಎನ್ನುತ್ತಿತ್ತು. ಮೂವತ್ತು ವರ್ಷ ಜೊತೆ ಬಾಳಿದವಳ ಮನಸ್ಸಿನಲ್ಲಿ ಏನಿದೆ ಎಂದು ತನಗೆ ತಿಳಿಯಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟಿ ನಿಂತಿತು. ಒಳಗೆ ಬಂದ ಸ್ನೇಹಲ ಪೆನ್‌ಡ್ರೈವು ನೋಡಿದಳು, ಟೈ ನೋಡಿದಳು.

“ಯಾವ ಕಂಪನಿರಿ? ಗುರುತಿನ ಕಾರ್ಡ್ ತೋರಸ್ರಿ.”

ಕಾರ್ಡು ಗಾಡಿಯಲ್ಲಿದೆ ಎಂದು ಹೊರಗೆ ಹೋದವನು ಗಾಡಿಯ ಸಮೇತ ಹೋದ. ಚಹಾ ಅರ್ಧ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಪಕ್ಕದೂರಿನಿಂದ ಸುದ್ದಿ ಬಂತು. ಬೆಳಿಗ್ಗೆ ಅಲ್ಲಿ ಇದೇ ಟೈಯವನು ಔಷಧ ಹಾಕಿದ ಕಂಪ್ಯೂಟರು ಈಗ ಕೆಂಪು ಪರದೆ ತೋರಿಸಿ ದುಡ್ಡು ಕೇಳುತ್ತಿದೆಯಂತೆ. ವಿರುಪಾಕ್ಷಪ್ಪ ಹೋಗಿ ಕಟ್ಟೆಯ ಮೇಲೆ ಕೂತ. ಮಗಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಸಂಜೆ ಶಿವಗಂಗವ್ವ ಸುಂದರಾಳೊಡನೆ ಪ್ರಸಾದ ಹಿಡಿದು ಬಂದಾಗ ಸ್ನೇಹಲ ಓಡಿಹೋಗಿ ತಬ್ಬಿಕೊಂಡಳು.

“ಅವ್ವ, ನನ್ನ ಉಳಿಸಿದಿ! ಯಾರಿಗೂ ಹೇಳಬ್ಯಾಡ ಅಂದದ್ದನ್ನ ಎಷ್ಟ ನೆನಪಿಟ್ಟಿ! ಫೋನಿನ್ಯಾಗ ಆ ಕಳ್ಳನ ಗುರುತ ಹಿಡದಿ!”

“ಕಳ್ಳನಾ? ಯವ್ವಾ! ಪಾಪ, ಛಲೋ ಮನಷಾ ಅಂದಕೊಂಡಿದ್ನಲ್ಲ. ನೀ ಹೇಳಬ್ಯಾಡ ಅಂದದ್ದು ನನಗ ನೆನಪರ ಎಲ್ಲಿ ಇತ್ತು?”

“ಮತ್ತ ಯಾಕ ಹೇಳಲಿಲ್ಲ?”

ಶಿವಗಂಗವ್ವ ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡಳು. ಸುಂದರಾಳಿಗೆ ತಡೆಯಲಾಗಲಿಲ್ಲ.

“ಒಡಪು ಹಾಕಿ ಹೇಳಬೇ! ಹಂಗ ಹೇಳಿದ್ರ ನಡೀತೈತಿ!”

ಶಿವಗಂಗವ್ವ ಗೋಡೆಗೆ ಮುಖ ತಿರುಗಿಸಿ, ಮದುವೆಯಾದ ಹೊಸದರಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿ ಪ್ರಾಸ ಕಟ್ಟಿ ಹೇಳಿಸಿದ್ದರಲ್ಲ, ಅದೇ ರಾಗದಲ್ಲಿ ಹೇಳಿದಳು:

“ಕೃಷ್ಣಾ ದಂಡಿ ಕಾಯ್ತಾನ ಯಡೂರ ವೀರಭದ್ರಪ್ಪ, ಕಂಪ್ಯೂಟರ್ ಬಾಗಲಾ ಕಾಯ್ತಾರ ನಮ್ಮ ಮನಿ ವಿರುಪಾಕ್ಷಪ್ಪ!”