ಮೂರನೆಯ ಚೌಕ

"ನೀನು ಬಿದ್ದ ಕೂಡಲೇ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕಿತ್ತು. ಕಳಚಿಕೊಳ್ಳಲಿಲ್ಲ," ಎಂದಳು ಕರ್ಸ್ಟಿ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವ ಯೂನಿವರ್ಸಿಟಿ ಕ್ಲಬ್ಬಿನ ರೇಸ್ ಟೀಮಿಗೆ ಅವಳೇ ಕ್ಯಾಪ್ಟನ್. ಮಾಡ್ಬರಿ ಬಡಾವಣೆಯ ಆ ಮನೆಗೆ ಬಂದವಳೇ ಮಾಲವಿಕಾಳನ್ನು ಅಪ್ಪಿಕೊಂಡು ಅತ್ತು, ಈಗ ಸೋಫಾದ ತುದಿಯಲ್ಲಿ ಕುಳಿತಿದ್ದಳು. ಎದುರಿಗೆ ಎರಡು ದಿಂಬುಗಳ ಮೇಲೆ ಮಾಲವಿಕಾಳ ಬಲಗಾಲು, ತೊಡೆಯಿಂದ ಪಾದದವರೆಗೆ ಪಟ್ಟಿ, ಆಧಾರದ ಸರಳು. ಮಂಡಿ ಇನ್ನೆಂದೂ ಪೂರ್ತಿ ಮಡಚುವುದಿಲ್ಲವೆಂದು ಸರ್ಜನ್ ಹೇಳಿಯಾಗಿತ್ತು. ಹುಡುಗಿಗೆ ಹತ್ತೊಂಬತ್ತು ವರ್ಷ.

"ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕೊಕ್ಕೆ ಇರುತ್ತಲ್ಲ, ಅದರ ತಿರುಪು ಬಿಗಿ ಮಾಡಿದ್ದು ನಾನು," ಕರ್ಸ್ಟಿ ಮುಂದುವರಿಸಿದಳು. "ಬಸ್ಸು ಹೊರಡುವ ಮುಂಚೆ ನಲವತ್ತು ಜೊತೆ ಸಿದ್ಧ ಮಾಡಬೇಕಿತ್ತು. ಹೊಸಬರಿಗೆ ಸಡಿಲ ಇಡ್ತೀವಿ, ಬಿದ್ದರೆ ಕಳಚಲಿ ಅಂತ. ನುರಿತವರಿಗೆ ಬಿಗಿ, ವೇಗದಲ್ಲಿ ಕಳಚದಿರಲಿ ಅಂತ. ನೀನು ಹೊಸಬಳು ಅಂತ ನನಗೆ ಗೊತ್ತಿತ್ತು. ಆದರೂ ನಿನ್ನದನ್ನು ಬಿಗಿ ಮಾಡಿದ್ದೀನಿ. ಮೂರು ವಾರದಿಂದ ಕಣ್ಣು ಮುಚ್ಚಿಲ್ಲ." ಚೀಲದಿಂದ ಪ್ರಿಂಟ್ ಮಾಡಿದ ಒಂದು ಹಾಳೆ ತೆಗೆದಳು. "ಗಡಿಬಿಡಿಯಲ್ಲಿ ಈ ಫಾರಂ ಮಾತ್ರ ನೋಡಿಕೊಂಡು ಮಾಡಿದೆ. ಇದರಲ್ಲಿ ನೀನು ನುರಿತವಳು ಅಂತಿದೆ. ಇದನ್ನು ತುಂಬಿದ್ದು ನೀನೇನಾ? ಅಥವಾ ಬೇರೆ ಯಾರದೋ ವಿವರ ನಿನ್ನ ಹೆಸರಿಗೆ ಸೇರಿಸಿಬಿಟ್ಟೆನಾ? ಸಂಜೆ ಕ್ಲಬ್ಬಿನಲ್ಲಿ ವಿಚಾರಣೆ ಇದೆ. ತಪ್ಪು ನನ್ನದಾದರೆ ಒಪ್ಪಿಕೊಂಡು ಟೀಮ್ ಬಿಡ್ತೀನಿ."

ಮಾಲವಿಕಾಳ ಅಪ್ಪ ಉದಯಶಂಕರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ಫಾರಂ ತುಂಬಿದವನು ಅವನು. ಜುಲೈ ತಿಂಗಳಲ್ಲಿ ಪುಸ್ತಕದಲ್ಲಿ ಮುಳುಗಿದ್ದ ಮಗಳು ಲ್ಯಾಪ್‌ಟಾಪ್ ಅವನ ಕಡೆ ತಳ್ಳಿ, "ಅಪ್ಪ, ನನ್ನ ಹೈಟು ವೆಯ್ಟು ಎಲ್ಲ ಹಾಕಿ ಕಳಿಸ್ಬಿಡು," ಎಂದಿದ್ದಳು. ಎತ್ತರ, ತೂಕ ಹಾಕಿದ ಮೇಲೆ ಮೂರು ಚೌಕಗಳಿದ್ದವು: ಹೊಸಬರು, ಮಧ್ಯಮ, ನುರಿತವರು. ಅವಳು ಹಿಂದಿನ ವರ್ಷ ಒಂದು ವಾರ ಸ್ಕೀ ಕಲಿತವಳು, ಅಷ್ಟೇ. ಅವನು ಮೂರನೆಯ ಚೌಕ ಒತ್ತಿದ್ದ. "ಬಿಗಿನರ್ ಅಂತ ಹಾಕಿದ್ರೆ ಯಾರು ಟೀಮಿಗೆ ತಗೋತಾರೆ? ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಹಾಕಿದೀನಿ," ಎಂದಾಗ ಮಾಲವಿಕಾ ತಲೆ ಎತ್ತದೆಯೇ "ಅಯ್ಯೋ ಅಪ್ಪ" ಎಂದು ನಕ್ಕಿದ್ದಳು. ಆ ಚೌಕಕ್ಕೂ ತಿರುಪಿಗೂ ಇರುವ ನಂಟು ಇಬ್ಬರಿಗೂ ತಿಳಿದಿರಲಿಲ್ಲ.

ಉದಯಶಂಕರನಿಗೆ ಅದು ಸುಳ್ಳೆಂದು ಅನ್ನಿಸಿರಲೂ ಇಲ್ಲ. ಬೆಂಗಳೂರಿನಲ್ಲಿ ಎರಡು ವರ್ಷದ ಅನುಭವವನ್ನು ಐದೆಂದು ಬರೆದು ಮೊದಲ ಒಳ್ಳೆಯ ಕೆಲಸ ಹಿಡಿದವನು ಅವನು. ಅಕ್ಕಪಕ್ಕದ ಕುರ್ಚಿಯವರೂ ಹಾಗೇ ಬಂದವರು. ಒಳಗೆ ಹೋದ ಮೇಲೆ ಕಲಿತರಾಯಿತು, ಯಾರ ಗಂಟೂ ಹೋಗುವುದಿಲ್ಲ ಎಂಬುದು ಅವರ ಲೆಕ್ಕ. ಅಲ್ಲಿ ಏನಾದರೂ ಮುರಿದರೆ ಸಾಫ್ಟ್‌ವೇರ್ ಮಾತ್ರ ಮುರಿಯುತ್ತಿತ್ತು, ರಾತ್ರಿ ಕೂತು ಸರಿ ಮಾಡಿದರೆ ಮುಗಿಯುತ್ತಿತ್ತು. ಈ ಕ್ಲಬ್ಬಿನವರಂತೂ ಹೊಸಬರನ್ನು ಕೈಹಿಡಿದು ಕರೆದುಕೊಂಡು ರೇಸ್ ಕಲಿಸುವವರು. ಮೊದಲ ಚೌಕ ಇದ್ದದ್ದೇ ಮಾಲವಿಕಾಳಂಥವರಿಗಾಗಿ.

ಈಗ ಹೇಳಿಬಿಡಬೇಕು ಎಂದುಕೊಂಡ. ಒಂದೇ ವಾಕ್ಯ. ಬಾಯಿ ತೆರೆದ. ಮಗಳು ಅವನತ್ತ ನೋಡುತ್ತಿದ್ದಳು, ಕಾಯುತ್ತಿದ್ದಳು.

"ಟೀ ಕುಡೀತೀರಾ?" ಎಂದು ಕರ್ಸ್ಟಿಯನ್ನು ಕೇಳಿದ.

ಮಾಲವಿಕಾ ಅವನಿಂದ ಕಣ್ಣು ಕಿತ್ತು ಗೆಳತಿಯ ಕಡೆ ತಿರುಗಿದಳು. "ನಾನೇ ತುಂಬಿದ್ದು ಕರ್ಸ್ಟಿ. ಟೀಮಿಗೆ ತಗೊಳ್ಳಲ್ವೇನೋ ಅಂತ ಸುಳ್ಳು ಬರೆದೆ. ನಿನ್ನದು ತಪ್ಪಿಲ್ಲ."

ಕರ್ಸ್ಟಿಯ ಮುಖದಲ್ಲಿ ಮೊದಲು ನೆಮ್ಮದಿ ಬಂತು, ಆಮೇಲೆ ಸಿಟ್ಟು. ಸುಳ್ಳು ವಿವರ ಕೊಟ್ಟವರ ಹೆಸರನ್ನು ಕ್ಲಬ್ಬಿನಿಂದ ತೆಗೆಯುವುದು ನಿಯಮ ಎಂದಳು. "ಗೊತ್ತು," ಎಂದಳು ಮಾಲವಿಕಾ. ಹಾಳೆಯ ಹಿಂಭಾಗದಲ್ಲಿ ತಪ್ಪೊಪ್ಪಿಗೆಯ ಎರಡು ಸಾಲು ಬರೆದು ಸಹಿ ಹಾಕಿಕೊಟ್ಟಳು. ಬಂದಾಗ ಅಪ್ಪಿಕೊಂಡಿದ್ದ ಕರ್ಸ್ಟಿ ಹೋಗುವಾಗ ಅಪ್ಪಿಕೊಳ್ಳಲಿಲ್ಲ.

ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಉದಯಶಂಕರ ಬಂದು ಮಗಳ ಪಕ್ಕ ಕುಳಿತ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. "ಹೆಂಗಿದ್ರೂ ಇನ್ನು ಮೇಲೆ ನೀನು ಸ್ಕೀ ಮಾಡೋ ಹಾಗಿಲ್ವಲ್ಲ ಪುಟ್ಟಿ..." ಎಂದು ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು.

ಏನಾದರೂ ಮಾಡಬೇಕಲ್ಲ ಎಂದು ಟೀಪಾಯಿಯ ಮೇಲಿದ್ದ ಫಿಸಿಯೋಥೆರಪಿ ಫಾರಂ ಕೈಗೆತ್ತಿಕೊಂಡ. ನಾಳೆ ಅದನ್ನು ಕೊಡಬೇಕಿತ್ತು. ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿದ. ಕೊನೆಯ ಪ್ರಶ್ನೆಗೆ ಬಂದು ಪೆನ್ನು ನಿಂತಿತು.

"ನೋವು ಎಷ್ಟಿದೆ ಅಂತ ಕೇಳಿದಾರೆ ಪುಟ್ಟಿ. ಸೊನ್ನೆಯಿಂದ ಹತ್ತರೊಳಗೆ. ಎಷ್ಟು ಹಾಕಲಿ?"

ಮಾಲವಿಕಾ ಮಡಚದ ಕಾಲನ್ನೇ ನೋಡುತ್ತಿದ್ದಳು.

"ನೀನೇ ಹಾಕ್ಬಿಡಪ್ಪ," ಎಂದಳು. "ಎಷ್ಟು ಹಾಕಿದ್ರೆ ಚೆನ್ನಾಗಿ ಕಾಣುತ್ತೋ ಅಷ್ಟು."